ಅಕ್ಕಡಿ ಸಾಲಿನ ಎರಡು ಗಿಡ

ಸಜ್ಜೆ ರೊಟ್ಟಿ ಬಡಿಯುವುದನ್ನು ಅರ್ಧಕ್ಕೆ ಬಿಟ್ಟು ರಾಜೇಶ್ವರಿ ಮತ್ತೆ ಹಿತ್ತಲಿಗೆ ಬಂದಳು. ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂದು ನೋಡಬೇಕಿತ್ತು. ಒಣಹಾಕಿದ ಸೀರೆಯ ಸೆರಗು ಮೂಡಲಕ್ಕೆ ತಿರುಗಿ ಹಾರುತ್ತಿತ್ತು. ಪಡುವಣ ಗಾಳಿ. ಹೊಲದ ಪಡುವಣ ಅಂಚಿನ ವಾಸನೆಯನ್ನೆಲ್ಲ ಹೊತ್ತು ತಂದು ಬನ್ನಿ ಗಿಡದ ಕೆಳಗೆ ಸುರಿಯುವ ಗಾಳಿ. ಬೀಗರೆಲ್ಲ ಊಟಕ್ಕೆ ಕೂಡುವುದು ಅಲ್ಲೇ.

ಅವತ್ತು ಶೀಗಿ ಹುಣ್ಣಿಮೆ. ಪೈರು ತೆನೆಗಟ್ಟಿ ಭೂಮಿತಾಯಿ ಬಸುರಿಯಾದ ದಿನ. ಮನೆಯವರು, ಬೀಗರು, ಓಣಿಯವರು ಎಲ್ಲರೂ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಐದು ಕಲ್ಲಿಗೆ ಸುಣ್ಣ ಬಳಿದು ಪೂಜೆ ಮಾಡಿ, ಉಂಡು, ಕಡೆಗೆ ಹೊಲದ ನಾಲ್ಕೂ ಮಗ್ಗುಲಿಗೆ ಅನ್ನದ ಚರಗ ಚೆಲ್ಲಿ ಬರುತ್ತಾರೆ. ಚರಗಕ್ಕೆ ಬರುತ್ತೇವೆ ಅಂದವರಿಗೆ ಬೇಡ ಅನ್ನುವ ಪದ್ಧತಿ ಎಲ್ಲಿಯೂ ಇಲ್ಲ. ಹಿಂದಿನ ದಿನ ಬೈಲಹೊಂಗಲದಿಂದ ಗಂಡನ ಅಕ್ಕ ಪದ್ಮವ್ವ ಫೋನ್ ಮಾಡಿದ್ದಳು. "ನಮ್ಮ ಮನ್ಯಾವರಿಗೆ ಈ ಸಲ ರಜಾ ಸಿಕ್ಕೈತಿ. ನಾವೂ ಬರತೇವಿ. ಅವರ ಜೋಡಿ ಠಾಣೆದಾಗಿನ ಲಗಮಣ್ಣನೂ ಬರತಾನ." ರಾಜೇಶ್ವರಿಯ ಗಂಡ ನಿಂಗರಾಜ ಫೋನ್ ಕಸಿದುಕೊಂಡು, "ಠಾಣೆನ ಎತ್ತಿಕೊಂಡು ಬರ್ರಿ ಅಕ್ಕಾ, ಹೋಳಿಗಿ ಕಡಿಮಿ ಬೀಳೂದಿಲ್ಲ!" ಎಂದು ನಕ್ಕಿದ್ದ.

ಪದ್ಮವ್ವನ ಗಂಡ ದುಂಡಪ್ಪ ಪೊಲೀಸ್ ಹವಾಲ್ದಾರ. ಮತ್ತು ಹೊಲದ ಪಡುವಣ ಅಂಚಿಗೆ, ಹುಳಿಸೊಪ್ಪಿನ ಪುಂಡಿ ಗಿಡಗಳ ನಡುವೆ, ಎರಡು ಗಾಂಜಾ ಗಿಡಗಳಿದ್ದವು. ಅದು ನಿಂಗರಾಜನಿಗೆ ಗೊತ್ತಿರಲಿಲ್ಲ.

ಗೊತ್ತಾಗುವಂತೆಯೂ ಇರಲಿಲ್ಲ. ಅವು ಇದ್ದದ್ದು ಅಕ್ಕಡಿ ಸಾಲಿನಲ್ಲಿ. ಮುನವಳ್ಳಿ ಸುತ್ತಿನ ಹೊಲಗಳಲ್ಲಿ ಈಗ ಸೋಯಾ, ಕಬ್ಬು ಹೆಚ್ಚಾಗಿ ಅಕ್ಕಡಿ ಹಾಕುವವರೇ ಕಡಿಮೆ. ಆದರೆ ನಿಂಗರಾಜನ ಮನೆಯಲ್ಲಿ ದನಗಳ ಮೇವಿಗೆಂದು ಇನ್ನೂ ಮುಂಗಾರಿ ಜೋಳ ಬಿತ್ತುತ್ತಿದ್ದರು. ಗಂಡಸರು ಕೂರಿಗೆ ಹೊಡೆಯುವಾಗ ಹಿಂದಿನಿಂದ ಹೆಂಗಸರು ಉಡಿಯಲ್ಲಿ ಬೀಜ ಕಟ್ಟಿಕೊಂಡು ಬೇರೊಂದು ಕೊಳವೆಯಲ್ಲಿ ಪುಂಡಿ, ಮಡಿಕೆ, ಗುರೆಳ್ಳು ಬಿಡುತ್ತ ಹೋಗುವ ಸಾಲು ಅದು. ಬಿತ್ತುವವರು ಹೆಂಗಸರು, ಕೊಯ್ಯುವವರು ಹೆಂಗಸರು, ಅದರಲ್ಲಿ ಬಂದದ್ದೂ ಹೆಂಗಸರದೇ. ಆ ಸಾಲಿನಲ್ಲಿ ಏನಿದೆ ಎಂದು ಗಂಡಸರು ಕಣ್ಣೆತ್ತಿಯೂ ನೋಡುವುದಿಲ್ಲ. ಪುಂಡಿಯ ಎಲೆಯೂ ಗಾಂಜಾದ ಎಲೆಯೂ ದೂರದಿಂದ ಅಕ್ಕತಂಗಿಯರ ಹಾಗೆ. ಎರಡಕ್ಕೂ ಬೆರಳು ಬಿಡಿಸಿದ ಹಸ್ತದಂಥ ಎಲೆ. ಪುಂಡಿ ಹಳದಿ ಹೂ ಬಿಡುತ್ತದೆ, ಇದು ಬಿಡುವುದಿಲ್ಲ, ಅಷ್ಟೇ. ಜೊತೆಗೆ ಈ ವಾಸನೆ. ಹೊತ್ತೇರಿ ಬಿಸಿಲು ಬಲಿತ ಹಾಗೆ ಜೋರಾಗುವ, ಎಷ್ಟು ಪುಂಡಿಯ ಮರೆಯಲ್ಲಿಟ್ಟರೂ ಅಡಗದ ವಾಸನೆ.

ಅತ್ತೆ ಗುರವ್ವನಿಗಾಗಿ ಬಿತ್ತಿದ್ದಳು ರಾಜೇಶ್ವರಿ. ಎದೆಯ ಗಂಟು ತೆಗೆಸಿದ ಮೇಲೆ ಒಂದು ವರ್ಷ ಚೆನ್ನಾಗಿದ್ದ ಮುದುಕಿಗೆ ಯುಗಾದಿಯ ಹೊತ್ತಿಗೆ ಬೇನೆ ಬೆನ್ನಿನ ಎಲುಬಿಗೆ ಇಳಿದಿತ್ತು. ದೊಡ್ಡ ಊರಿನ ಡಾಕ್ಟರು ಅಫೀಮಿನಿಂದ ಮಾಡಿದ ಗುಳಿಗೆ ಕೊಟ್ಟರು. ನೋವು ತಗ್ಗಿತು, ಆದರೆ ಉಂಡದ್ದು ಹೊಟ್ಟೆಯಲ್ಲಿ ನಿಲ್ಲುತ್ತಿರಲಿಲ್ಲ. ಆ ಗುಳಿಗೆ ಹತ್ತಿರದ ಯಾವ ಅಂಗಡಿಯಲ್ಲೂ ಸಿಗುತ್ತಿರಲಿಲ್ಲ. ತೀರಿದಾಗೆಲ್ಲ ಬಸ್ಸು ಹತ್ತಿ ಹೋಗಬೇಕು, ಹೋದರೆ ಒಮ್ಮೊಮ್ಮೆ "ಸ್ಟಾಕ್ ಇಲ್ಲ, ಮುಂದಿನ ವಾರ ಬರ್ರಿ." ಆ ಮುಂದಿನ ವಾರದವರೆಗೆ ಗುರವ್ವ ಗೋಡೆಯ ಕಡೆ ಮುಖ ಮಾಡಿ, ಮೊಮ್ಮಕ್ಕಳಿಗೆ ಕೇಳಿಸದಿರಲೆಂದು ಸೆರಗು ಬಾಯಿಗೆ ತುರುಕಿಕೊಂಡು ಮಲಗುತ್ತಿದ್ದಳು. ಅದನ್ನು ನೋಡುತ್ತ ರಾಜೇಶ್ವರಿಗೆ ದೇಗಾಂವದ ತವರು ನೆನಪಾಗುತ್ತಿತ್ತು. ಅಲ್ಲಿ ದನದ ಕೊಟ್ಟಿಗೆಯ ಹಿಂದೆ ಅಪ್ಪ ಒಂದೇ ಒಂದು ಗಿಡ ಇಟ್ಟಿದ್ದ. ಎತ್ತಿಗೆ ಹೊಟ್ಟೆ ಉಬ್ಬಿದರೆ ಅದರ ಎಲೆ, ಬೆಲ್ಲ. ಅಜ್ಜಿಗೆ ನಿದ್ದೆ ಬರದಿದ್ದರೆ ಅದೇ ಎಲೆ, ಹಾಲು. ಆ ಗಿಡಕ್ಕೆ ಯಾರೂ ಕಳ್ಳನ ಹೆಸರು ಕೊಟ್ಟಿರಲಿಲ್ಲ. ಆಮೇಲೆ ಯಾರೋ ಹೆದರಿಸಿದರು, ಅಪ್ಪ ಕಿತ್ತುಹಾಕಿದ.

ದನಗಳಿಗೆ ಮದ್ದು ಕೊಡುವ ಗಂಗಯ್ಯನವರು ಮುಂಗಾರಿನಲ್ಲಿ ಬೀಜ ಕೊಟ್ಟರು. ಶ್ರಾವಣದಿಂದ ಗುರವ್ವ ರಾತ್ರಿ ನಿದ್ದೆ ಮಾಡಿದಳು. ಊಟ ಮಾಡಿದಳು. ಮೊಮ್ಮಗಳ ತಲೆ ಬಾಚಿ ಜಡೆ ಹಾಕಿದಳು. ಬೇನೆ ಹೋಗಿರಲಿಲ್ಲ, ಹೋಗುವುದೂ ಇಲ್ಲವೆಂದು ಅತ್ತೆ, ಸೊಸೆ ಇಬ್ಬರಿಗೂ ಗೊತ್ತಿತ್ತು. ಆದರೆ ಮನುಷ್ಯಳ ಹಾಗೆ ಬದುಕಿದ್ದಳು.

ಚರಗಕ್ಕೆ ಗುರವ್ವನೂ ಬಂದಳು. ಬಂಡಿಯಲ್ಲಿ ಗಾದಿ ಹಾಸಿ ಕರೆತಂದರು. ಬೇಡವೆಂದರೆ ಕೇಳಲಿಲ್ಲ. "ಮುಂದಿನ ಹುಣ್ಣಿಮಿ ಯಾರು ಕಂಡಾರ? ನನ್ನ ಹೊಲ ನನಗ ನೋಡಾಕ ಬಿಡ್ರಿ" ಎಂದಳು.

ಊಟಕ್ಕೆ ಕುಳಿತಾಗ ಪದ್ಮವ್ವ ತಾಯಿಯ ಮುಖವನ್ನೇ ನೋಡಿದಳು. "ಯವ್ವಾ, ಯುಗಾದಿಗೆ ಬಂದಾಗ ನೀ ಕಟ್ಟಿಗಿ ಆಗಿದ್ದಿ. ಈಗ ಕಡಬು ಎರಡನೇದು ಕೇಳಾಕತ್ತಿ! ಯಾವ ಡಾಕ್ಟರ್ ಅಂವಾ?"

"ನನ್ನ ಸೊಸಿನ ನನ್ನ ಡಾಕ್ಟರ್" ಎಂದಳು ಗುರವ್ವ.

"ಹಂಗಂದ್ರ ನಮ್ಮತ್ತಿಗೂ ಒಂದಿಷ್ಟು ಔಷಧ ಕೊಡು ರಾಜೀ. ಅಕಿ ಬಾಯಿ ಮುಚ್ಚೂದು ಯಾವುದರ ಇದ್ರ ಮೊದಲ ಕೊಡು!"

ಎಲ್ಲರೂ ನಕ್ಕರು. ರಾಜೇಶ್ವರಿ ಕರಿಹಿಂಡಿ ಬಡಿಸುತ್ತಿದ್ದಳು. ಸೌಟು ತಟ್ಟೆಗೆ ತಾಗಿ ಸದ್ದಾಯಿತು. ಗಾಳಿ ಬೀಸಿತು. ಲಗಮಣ್ಣ ತುತ್ತು ಎತ್ತಿದವನು ಮೂಗು ಅರಳಿಸಿ ಸುತ್ತ ನೋಡಿದ. ಇಪ್ಪತ್ತೈದರ ಹುಡುಗ, ನೌಕರಿಗೆ ಸೇರಿ ಎರಡು ವರ್ಷವಾಗಿರಲಿಲ್ಲ. ರಾಜೇಶ್ವರಿ ಅವಸರವಾಗಿ ಅವನ ತಟ್ಟೆಗೆ ಬಿಸಿ ಎಣ್ಣೆಗಾಯಿ ಹಾಕಿದಳು. "ಉಣ್ರಿ ತಮ್ಮಾ, ಆರತೈತಿ." ಅವನು ಮತ್ತೆ ತಲೆ ತಗ್ಗಿಸಿದ.

ಕೈ ತೊಳೆದ ನಿಂಗರಾಜ ಚರಗದ ಬುಟ್ಟಿ ಎತ್ತಿಕೊಂಡ. ದುಂಡಪ್ಪ ನೀರಿನ ತಂಬಿಗೆ ಹಿಡಿದ. ಲಗಮಣ್ಣ ಹಿಂದೆ ನಡೆದ. "ಹುಲಿಗ್ಯೋ… ಚಲ್ಲಂಬ್ರಿಗ್ಯೋ…" ಎಂದು ಚರಗದ ಕೂಗು ಹಾಕುತ್ತ ಮೂಡಣ ಬದುವಿನಿಂದ ಹೊರಟರು. ಅವರು ಸುತ್ತಿ ಪಡುವಣಕ್ಕೆ ಬರುವಷ್ಟರಲ್ಲಿ ಏನಾದರೂ ಮಾಡಬೇಕೆಂದು ರಾಜೇಶ್ವರಿ ಎದ್ದಳು. ಏನು ಮಾಡುವುದು ಎಂಬುದು ಅವಳಿಗೂ ಹೊಳೆದಿರಲಿಲ್ಲ. ಅಷ್ಟರಲ್ಲಿ ಪದ್ಮವ್ವ ಕೈಚೀಲ ಝಾಡಿಸಿ ಎದ್ದು ನಿಂತಿದ್ದಳು.

"ಪುಂಡಿ ಎಲ್ಲೈತಿ ರಾಜೀ? ಪ್ಯಾಟ್ಯಾಗ ಸಿಗೂ ಪುಂಡಿಗೆ ಹುಳೀನ ಇಲ್ಲ."

"ನೀವು ಕುಂದರ್ರಿ ಅಕ್ಕಾರ, ನಾ ಹರಕೊಂಡು ಬರತೇನಿ."

"ಏ, ನಾ ಏನ ಸಾಹೇಬರ ಹೆಂಡತಿ ಏನ? ಈ ಸಾಲಿನಾಗ ಅವ್ವನ ಜೋಡಿ ಬೀಜ ಬಿಟ್ಟಕಿ ನಾನು."

ಪದ್ಮವ್ವ ಉದ್ದುದ್ದ ಹೆಜ್ಜೆ ಹಾಕಿದಳು. ರಾಜೇಶ್ವರಿ ಓಡುವ ಹಾಗೆ ಹಿಂದೆ ನಡೆದು, ಅವಳಿಗಿಂತ ಮೊದಲು ಆ ಎರಡು ಗಿಡಗಳಿಗೆ ಬೆನ್ನು ಕೊಟ್ಟು ನಿಂತು ಪುಂಡಿ ಹರಿಯತೊಡಗಿದಳು. ಕೈ ಹರಿಯುತ್ತಿತ್ತು, ಕಿವಿ ಕೂಗಿನ ಕಡೆ. ಕೂಗು ತೆಂಕಣ ಬದುವಿಗೆ ತಿರುಗಿತ್ತು. ಪದ್ಮವ್ವ ಮಾತಾಡುತ್ತ ಮಾತಾಡುತ್ತ ಸಾಲಿನ ಆಚೆ ಮಗ್ಗುಲಿಗೆ ದಾಟಿದಳು. ರಾಜೇಶ್ವರಿ ತಿರುಗುವಷ್ಟರಲ್ಲಿ ಅವಳ ಕೈಯಲ್ಲಿ ಎಲೆ ಇತ್ತು. ಪುಂಡಿಯ ಹುಳಿ ನೋಡುವವರ ಹಾಗೆ ಬಾಯಿಗಿಟ್ಟು ಕಚ್ಚಿ, ತಟ್ಟನೆ ಉಗುಳಿದಳು.

"ಥೂ! ಇದೇನಿದು?" ಎಲೆಯನ್ನು ಮೂಗಿಗೆ ಹಿಡಿದಳು. ಮುಖ ಬಿಳಿಚಿತು. ಹವಾಲ್ದಾರನ ಹೆಂಡತಿ, ರೇಡಿನಿಂದ ಬಂದ ಗಂಡನ ಅಂಗಿಯಿಂದ ಆ ವಾಸನೆಯನ್ನು ಎಷ್ಟೋ ಸಲ ತೊಳೆದವಳು. "ರಾಜೀ…"

"ಅವ್ವಾರ ಸಲುವಾಗಿ, ಅಕ್ಕಾರ" ಎಂದಳು ರಾಜೇಶ್ವರಿ. "ಅವರು ಈಗ ಉಣ್ಣಾಕತ್ತಿದ್ದು ಇದರಿಂದ."

ಪದ್ಮವ್ವ ಎಲೆಯನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡಳು. ಆದರೆ ಹೊತ್ತು ಮೀರಿತ್ತು. "ಹುಲಿಗ್ಯೋ…" ಎನ್ನುತ್ತ ಮೂವರೂ ಬದುವಿನ ಮೂಲೆ ತಿರುಗಿ ಎದುರಿಗೇ ಬಂದಿದ್ದರು.

ದುಂಡಪ್ಪನ ಕಾಲು ನಿಂತವು. ತಂಬಿಗೆಯ ನೀರು ತುಳುಕಿತು. ಲಗಮಣ್ಣ ಬಗ್ಗಿ ನೋಡಿ, "ಸರ, ಇದು ಅದ ಅಲ್ಲೇನ್ರಿ?" ಎಂದ.

ದುಂಡಪ್ಪ ಅವನಿಗೆ ಉತ್ತರ ಕೊಡಲಿಲ್ಲ. "ನಿಂಗರಾಜ, ಈ ಸಾಲು ಬಿತ್ತಿದವರ‍್ಯಾರು?"

ನಿಂಗರಾಜ ಅನ್ನ ಚೆಲ್ಲುತ್ತಲೇ, ಹಿಂದೆ ತಿರುಗದೆಯೇ ನಕ್ಕ. ಯಾರು ಕೇಳಿದರೂ ಹೇಳುವ ಮಾತನ್ನೇ ಹೇಳಿದ. "ಅಕ್ಕಡಿ ಸಾಲು ನಮ್ಮದಲ್ರಿ ಮಾಮಾರ, ಹೆಣ್ಣಮಕ್ಕಳದು. ಬಿತ್ತಿದಕಿನೂ ರಾಜೇಶ್ವರಿ, ಹರಿಯಾಕಿನೂ ರಾಜೇಶ್ವರಿ. ನಮಗ ಅದರಾಗ ಒಂದ ಎಲಿ ಹಕ್ಕಿಲ್ಲ!"

ಯಾರೂ ನಗಲಿಲ್ಲ. ಅವನು ತಿರುಗಿದ. ಅಕ್ಕನ ಮುಖ, ಹೆಂಡತಿಯ ಮುಖ, ಆಮೇಲೆ ಆ ಗಿಡ. ಬುಟ್ಟಿ ಹಿಡಿದ ಕೈ ಕೆಳಗಿಳಿಯಿತು. ತಾನು ಏನು ಹೇಳಿಬಿಟ್ಟೆ, ಯಾರ ಎದುರು ಹೇಳಿಬಿಟ್ಟೆ ಎಂಬುದು ಅವನಿಗೆ ತಿಳಿಯುತ್ತ ಬಂತು. ಲಗಮಣ್ಣ ಆಗಲೇ ಮೊಬೈಲ್ ಹೊರತೆಗೆದಿದ್ದ.

"ತಂಗೀ," ದುಂಡಪ್ಪ ಮೆಲ್ಲಗೆ ಹೇಳಿದ, "ಒಂದ ಗಿಡ ಇರಲಿ, ನೂರ ಇರಲಿ, ಬೆಳದದ್ದಕ್ಕ ಹತ್ತು ವರ್ಷದ ತನಕ ಒಳಗ ಹಾಕಬಹುದು. ನಿನಗ ಗೊತ್ತೇನು?"

"ಗೊತ್ತೈತ್ರಿ ಅಣ್ಣಾರ."

"ಗೊತ್ತಿದ್ದೂ?"

"ಅವ್ವಾರ ಅಳೂದನ್ನ ನೀವು ಕೇಳಿಲ್ಲ. ಒಂದ ವಾರ ನಮ್ಮ ಮನ್ಯಾಗ ಮಲಗಿದ್ರ ನೀವ ಬಿತ್ತತಿದ್ರಿ. ಆ ಗುಳಿಗಿ ಅಫೀಮಿನಿಂದ ಮಾಡತಾರಂತ. ಅಫೀಮು ಬೆಳ್ಯಾಕ ಸರಕಾರ ಲೈಸೆನ್ಸ್ ಕೊಡತೈತಿ. ದಾರು ಅಂಗಡಿಗೆ ಲೈಸೆನ್ಸ್ ಐತಿ. ಈ ಎರಡ ಗಿಡಕ್ಕ ಯಾಕಿಲ್ರಿ?"

"ಯಾಕ ಅಂದ್ರ?" ದುಂಡಪ್ಪನ ದನಿ ಏರಿತು. "ಕಾಲೇಜ್ ಹುಡುಗೂರು ಇದನ್ನ ಸೇದಿ ತಲಿ ಕೆಡಿಸಿಕೊಂಡು ಕುಂತದ್ದು ನಾ ನೋಡೇನಿ. ಅವರ ತಾಯಂದ್ರು ಠಾಣೆ ಮೆಟ್ಟಲಮ್ಯಾಲೆ ಹೊರಳಾಡಿ ಅತ್ತದ್ದು ನೋಡೇನಿ. ಅವರಿಗೆ ಏನ ಹೇಳಲಿ?"

ರಾಜೇಶ್ವರಿಗೂ ಮಗನಿದ್ದ. ಆದರೂ ಹೇಳಿದಳು. "ಅವರು ಖರೇನ ಅಳತಾರ. ಆದ್ರ ಕದ್ದು ಮಾರಾವರು ಆ ಹುಡುಗೂರ ವಯಸ್ಸು ಕೇಳತಾರೇನು? ಪುಡಿಯಾಗ ಏನ ಬೆರಸ್ಯಾರ ಅಂತ ಹೇಳತಾರೇನು? ಕಾಯಿದೆ ಪ್ರಕಾರ ಬೆಳ್ಯಾಕ ಬಿಟ್ರ ಯಾರ ಹೊಲದಾಗ ಎಷ್ಟೈತಿ, ಯಾರ ಕೈಗೆ ಹೋಗತೈತಿ ಅಂತ ನಿಮ್ಮ ಠಾಣೆಗೆ ಗೊತ್ತಿರತೈತಿ. ಈಗ ನಿಮಗೇನು ಗೊತ್ತೈತ್ರಿ? ನನ್ನಂಥವರ ಎರಡು ಗಿಡ ಸಿಗತಾವ. ಅವರು ಸಿಗೂದಿಲ್ಲ."

ದುಂಡಪ್ಪ ತಂಬಿಗೆ ಕೆಳಗಿಟ್ಟು ಗಿಡದ ಬುಡಕ್ಕೆ ಕೈ ಹಾಕಿದ.

"ಅಳ್ಯಾರ!"

ಎಲ್ಲರೂ ತಿರುಗಿದರು. ಜೋಳದ ಸಾಲುಗಳ ನಡುವೆ, ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ಜೋಳದ ದಂಟು ಹಿಡಿಯುತ್ತ, ಅಷ್ಟೂ ಮಾತು ಕೇಳಿಸಿಕೊಂಡ ಗುರವ್ವ ನಡೆದು ಬರುತ್ತಿದ್ದಳು. ಯುಗಾದಿಯಿಂದ ತನ್ನ ಕಾಲ ಮೇಲೆ ಅಂಗಳ ದಾಟದವಳು. ನಿಂಗರಾಜ ಓಡಿಹೋಗಿ ಹಿಡಿದುಕೊಂಡ. ಅವಳು ತಲೆಯ ಮೇಲಿನ ಸೆರಗು ಸರಿಪಡಿಸಿಕೊಂಡು ಉಸಿರು ತಿರುಗಿಸಿಕೊಂಡಳು.

"ಅಕ್ಕಡಿ ಬೀಜ ಹಿರೇಹೆಂಗಸಿನ ಉಡಿಯಿಂದ ಹೋಗತೈತಿ. ನಾ ಇರೂತನಕ ಈ ಸಾಲು ನಂದು. ಬರಕೋಬೇಕಂದ್ರ ನನ್ನ ಹೆಸರು ಬರಕೋರಿ. ಒಯ್ಯೂದಾದ್ರ ನನ್ನ ಒಯ್ರಿ. ನಿಮ್ಮ ಸರಕಾರಕ್ಕ ಹತ್ತು ವರ್ಷ ಸಿಗೂದಿಲ್ಲ, ಹತ್ತು ದಿನ ಸಿಕ್ಕರ ಹೆಚ್ಚು."

"ಅತ್ತಿ, ಹಂಗ್ಯಾಕ ಮಾತಾಡತೀರಿ—"

"ಇನ್ನೊಂದು. ಇವತ್ತ ಭೂಮಿತಾಯಿ ಬಸುರಿ. ಇವತ್ತ ಈ ಹೊಲದಾಗ ಕುಡಗೋಲು ಇಡಂಗಿಲ್ಲ, ಬೇರು ಕೀಳಂಗಿಲ್ಲ. ನೀವೂ ಒಕ್ಕಲುತನದ ಮನಿಯಾಗ ಹುಟ್ಟಿದವರು. ನನ್ನ ಅನ್ನ ಉಂಡ ಕೈಲೆ ಕೀಳತೀರೇನು?"

ದುಂಡಪ್ಪನ ಕೈ ಕಾಂಡದ ಮೇಲೇ ಇತ್ತು. ರಾಜೇಶ್ವರಿ ಅವನ ಬೆರಳುಗಳನ್ನೇ ನೋಡುತ್ತಿದ್ದಳು. ನಿಧಾನವಾಗಿ ಆ ಬೆರಳುಗಳು ಬಿಚ್ಚಿಕೊಂಡವು.

"ನಾಳೆ ಹೊತ್ತು ಹುಟ್ಟಿದ ಮ್ಯಾಲೆ ಬರತೇನಿ" ಎಂದ. "ಆವಾಗ ಇಲ್ಲಿ ಏನಿರತೈತೋ ಅದನ್ನ ಬರೀತೇನಿ. ಲಗಮಣ್ಣ, ಫೋನ್ ಒಳಗಿಡು."

"ಸರ, ಸಾಹೇಬ್ರಿಗೆ ಗೊತ್ತಾದ್ರ—"

"ಚರಗಕ್ಕ ಬಂದೀಯೋ, ರೇಡಿಗೆ ಬಂದೀಯೋ? ಒಳಗಿಡು ಅಂದೆ."

ಹುಡುಗ ಇಟ್ಟ. ಆದರೆ ಬೈಕು ಹತ್ತುವಾಗಲೂ ಅವನು ಪಡುವಣ ಅಂಚಿನ ಕಡೆ ತಿರುಗಿ ನೋಡಿದ್ದನ್ನು ರಾಜೇಶ್ವರಿ ಕಂಡಳು.

ಪದ್ಮವ್ವ ಗಂಡನ ಜೊತೆ ಹೋಗಲಿಲ್ಲ. ಇಳಿಹೊತ್ತಿನಲ್ಲಿ ಅತ್ತಿಗೆ ನಾದಿನಿ ಇಬ್ಬರೂ ಸಾಲಿನಲ್ಲಿ ಕುಳಿತು ಎಲೆ ಚಿವುಟಿದರು. ಎಲೆ ಚಿವುಟಲು ಆ ದಿನದ ಅಡ್ಡಿಯಿಲ್ಲ. ನಿಂಗರಾಜ ಬದುವಿನ ಮೇಲೆ ಕುಳಿತು ಅವರನ್ನೇ ನೋಡುತ್ತಿದ್ದ.

"ನನಗೊಂದು ಮಾತು ಹೇಳಬಾರದಿತ್ತ?" ಎಂದ ಕಡೆಗೆ.

"ಹೇಳಿದ್ರ ನಿಮ್ಮ ಬಾಯಾಗ ನಿಲ್ಲತಿತ್ತೇನು?"

"ಪಹಣಿ ಉತಾರದಾಗ ಹೊಲ ನನ್ನ ಹೆಸರಿಗೈತಿ. ಬರೂದಿದ್ರ ಕೇಸು ನನ್ನ ಮ್ಯಾಲೆ ಬರತಿತ್ತು. ನಾನ ನಿನ್ನ ಹೆಸರು ಹೇಳಿ ಹಿಡದುಕೊಟ್ಟಂಗಾತು." ಅವನು ಬದುವಿನಿಂದಿಳಿದು ಅವಳ ಹತ್ತಿರ ಬಂದ. "ಹೇಳಬೇಕಂತ ಹೇಳಲಿಲ್ಲ. ಎಲ್ಲಾರಿಗೂ ಹೇಳೂ ಮಾತು, ಬಾಯಿಗೆ ಬಂದುಬಿಡ್ತು."

ಅದು ಅವಳಿಗೆ ಗೊತ್ತಿತ್ತು. ಚಿವುಟಿದ ಎಲೆಯ ಚೀಲವನ್ನು ಅವನ ಕೈಗೆ ಕೊಟ್ಟು, "ಹಿಡೀರಿ, ಭಾರ ಐತಿ" ಎಂದಳು.

ಮರುದಿನ ಬೆಳ್ಳಿ ಮೂಡುವ ಹೊತ್ತಿಗೆ ಗಂಡ ಹೆಂಡತಿ ಮತ್ತೆ ಹೊಲದಲ್ಲಿದ್ದರು. ಹೊತ್ತು ಹುಟ್ಟಿ ಹುಣ್ಣಿಮೆಯ ದಿನ ಮುಗಿಯುವವರೆಗೆ ಬೇರಿಗೆ ಕೈ ಹಾಕುವಂತಿರಲಿಲ್ಲ. ಹೊತ್ತು ಹುಟ್ಟಿದ ಮೇಲೆ ತಡ ಮಾಡುವಂತಿರಲಿಲ್ಲ. ಮುನವಳ್ಳಿ ಕಡೆಯ ರಸ್ತೆಯಲ್ಲಿ ಒಂದೊಂದು ಗಾಡಿಯ ಸದ್ದು ಬಂದಾಗಲೂ ಇಬ್ಬರೂ ತಲೆ ಎತ್ತಿ ನೋಡುತ್ತಿದ್ದರು. ಬಾನಂಚು ಕೆಂಪಾಯಿತು. ಸೂರ್ಯನ ಅಂಚು ಜೋಳದ ತೆನೆಗಳಿಗೆ ತಾಗುತ್ತಿದ್ದಂತೆ ನಿಂಗರಾಜ ಎದ್ದ. ಆದರೆ ಗಿಡದ ಹತ್ತಿರ ಬಂದು ನಿಂತುಬಿಟ್ಟ.

"ನಿನ್ನ ಸಾಲು. ನಾ ಕೀಳಲೇನು?"

"ಬ್ಯಾಡ. ನಾನ ಕೀಳತೇನಿ."

ಮಳೆ ನಿಂತು ನೆಲ ಬಿಗಿದಿತ್ತು. ರಾಜೇಶ್ವರಿ ಕಾಲು ಊರಿ ಎರಡೂ ಕೈಯಿಂದ ಜಗ್ಗಿದಳು. ಮಣ್ಣಿನ ಹೆಂಟೆಯ ಸಮೇತ ಮೊದಲನೆಯದು ಬಂತು. ಎರಡನೆಯದಕ್ಕೆ ನಿಂಗರಾಜನೂ ಕೈ ಕೊಟ್ಟ. ಅವನ ಅಂಗೈಯಲ್ಲಿ ತೊಗಟೆ ಸುಲಿದು ಉದ್ದನೆಯ ನಾರು ಬಂತು. ಎರಡು ಬೆರಳಿಗೆ ಸುತ್ತಿ ಎಳೆದ. ಬೆರಳು ಕೆಂಪಾದವು, ನಾರು ಹರಿಯಲಿಲ್ಲ. "ನೋಡಿಲ್ಲೆ, ಪುಂಡಿ ನಾರು ಇದರ ಮುಂದ ಏನೂ ಅಲ್ಲ. ಎತ್ತಿನ ಹಗ್ಗ ಹೊಸದ್ರ ನಾಕು ವರ್ಷ ಬಾಳಿಕಿ ಬರತೈತಿ" ಎಂದ, ಒಕ್ಕಲಿಗನ ಬಾಯಿ ತಡೆಯದೆ. ಆಮೇಲೆ ತಾನು ನಿಂತದ್ದೆಲ್ಲಿ ಎಂದು ನೆನಪಾಗಿ ನಾರನ್ನು ಬಿಸಾಕಿದ. ಎರಡೇ ಗಿಡ ಕಿತ್ತರೆ ಆ ಎರಡು ಕುಳಿ ಎದ್ದು ಕಾಣುತ್ತಿದ್ದವು. ಅಕ್ಕಪಕ್ಕದ ಪುಂಡಿಯನ್ನೂ ಕೀಳಬೇಕಾಯಿತು. ಹಳದಿ ಹೂ ಬಿಟ್ಟ, ಬೀಜಕ್ಕೆ ಬಂದ ಪುಂಡಿ. ಅದನ್ನು ಕೀಳುವಾಗ ರಾಜೇಶ್ವರಿಯ ಕಣ್ಣಲ್ಲಿ ನೀರು ಬಂತು. ಎಲ್ಲವನ್ನೂ ಹೊತ್ತುಕೊಂಡು ಬಂದು ತಿಪ್ಪೆಯ ತಳದಲ್ಲಿ ಹೂತು ಸಗಣಿ ಮುಚ್ಚಿದರು.

ದುಂಡಪ್ಪ ಹೇಳಿದ ಹೊತ್ತಿಗೆ ಬಂದ. ಖಾಕಿ ಹಾಕಿದ್ದ. ಲಗಮಣ್ಣನೂ ಇದ್ದ. ಹೊಲಕ್ಕೆ ಹೋಗಿ ಕೆದರಿದ ಮಣ್ಣನ್ನು ನೋಡಿದರು. ಲಗಮಣ್ಣ ಬೂಟಿನ ತುದಿಯಿಂದ ಹೆಂಟೆ ತಿರುವಿ ಹಾಕಿದ, ಬಗ್ಗಿ ಒಂದು ಬೇರಿನ ತುಂಡು ಎತ್ತಿಕೊಂಡು ಹವಾಲ್ದಾರನ ಮುಖ ನೋಡಿದ.

"ಏನದು?" ಎಂದ ದುಂಡಪ್ಪ.

ಹುಡುಗ ಬೇರನ್ನು ಬೆರಳಲ್ಲಿ ತಿರುಗಿಸಿದ. ಬಂಡಿಯ ಗಾದಿಯ ಮೇಲಿಂದ ಇಳಿದು ಜೋಳ ಹಿಡಿದುಕೊಂಡು ನಡೆದು ಬಂದ ಮುದುಕಿಯನ್ನು ನಿನ್ನೆ ಅವನೂ ನೋಡಿದ್ದ. "ಪುಂಡೀರಿ ಸರ" ಎಂದು ಬೇರನ್ನು ಕೆಳಗೆ ಹಾಕಿ ಬೈಕಿನ ಕಡೆ ನಡೆದ.

ಮನೆಯ ಅಂಗಳದಲ್ಲಿ ದುಂಡಪ್ಪ ನಿಂತೇ ಕೇಳಿದ. "ಎಲಿ ಎಷ್ಟ ದಿನಕ್ಕಾಗತಾವ?"

"ಸಂಕ್ರಮಣದ ತನಕ. ನೋವು ಹೆಚ್ಚಾದ್ರ ಅಷ್ಟೂ ಇಲ್ಲ."

"ಆಮ್ಯಾಲೆ?"

ರಾತ್ರಿಯೆಲ್ಲ ಅವಳು ಅದನ್ನೇ ಯೋಚಿಸಿದ್ದಳು. ಹೆದರಿಕೆ ಹೋಗಿರಲಿಲ್ಲ. ಉಗುರಿನಲ್ಲಿ ಇನ್ನೂ ಮಣ್ಣಿತ್ತು.

"ಆಮ್ಯಾಲೆ ಮತ್ತ ಬಿತ್ತತೇನ್ರಿ ಅಣ್ಣಾರ. ಪುಂಡಿ ಮರ್ಯಾಗಲ್ಲ. ಇಲ್ಲೆ, ಅಂಗಳದಾಗ, ಎಲ್ಲಾರಿಗೂ ಕಾಣೂ ಹಂಗ. ಬೀಜ ಉಳದಾವ. ಅವ್ವಾರು ಇರೂತನಕ ಬೆಳೀತೇನಿ. ಮೊದಲ ಪರವಾನಗಿ ಕೇಳತೇನಿ. ತಹಶೀಲ್ದಾರರನ್ನ ಕೇಳಬೇಕೋ, ಮಂತ್ರಿಗಳನ್ನ ಕೇಳಬೇಕೋ, ನೀವ ಹೇಳ್ರಿ. ಕೊಡದಿದ್ರ ಬಂದು ನನ್ನ ಹೆಸರ ಬರಕೋರಿ."

"ನನ್ನ ಮುಂದ ಹಿಂಗ ಹೇಳಬ್ಯಾಡ ತಂಗೀ. ನಾ ಕೇಳಿಲ್ಲ."

"ಕೇಳ್ರಿ. ಕೇಳಲಿ ಅಂತನ ಹೇಳಾಕತ್ತೇನಿ."

ಬಾಗಿಲಲ್ಲಿ ಪದ್ಮವ್ವ ನಿಂತಿದ್ದಳು. ಗಂಡನನ್ನೇ ನೋಡುತ್ತಿದ್ದಳು. ಒಳಗೆ ಗುರವ್ವ ಇನ್ನೂ ಮಲಗಿದ್ದಳು. ಸಣ್ಣ ಗೊರಕೆ ಅಂಗಳದವರೆಗೆ ಕೇಳಿಸುತ್ತಿತ್ತು. ದುಂಡಪ್ಪ ಬಹಳ ಹೊತ್ತು ಅದನ್ನೇ ಕೇಳುತ್ತ ನಿಂತ. ಆಮೇಲೆ ಟೊಪ್ಪಿಗೆ ತೆಗೆದು ಕಟ್ಟೆಯ ಮೇಲಿಟ್ಟು, ಕುಳಿತು, "ಅಕಿನ್ನ ಎಬ್ಬಸಬ್ಯಾಡ್ರಿ. ಚಾ ಇಡು ಪದ್ಮಾ" ಎಂದ.